ಕಾಲಡಿಯ ಕಲ್ಲನ್ನು ಅರಿಯೋಣ



ಕಲಬುರಗಿಯಿಂದ ರೈಲಿನಲ್ಲಿ ವಾಡಿಯ ಕಡೆಗೆ ಹೊರಟರೆ ದಾರಿಯಲ್ಲಿ ಶಹಾಬಾದ್ ಸಿಗುತ್ತದೆ. ಆ ಊರನ್ನು ನೀವು ನೋಡಿರಲಿಕ್ಕಿಲ್ಲ. ಆದರೆ ಅದರ ಕಲ್ಲಿನ ಮೇಲೆ ನಡೆದಿರುವ ಸಂಭವವಂತೂ ಹೆಚ್ಚು. ಹಳೆಯ ಶಾಲೆಯ ನೆಲ, ರೈಲ್ವೆ ಪ್ಲಾಟ್‌ಫಾರಂ, ಬಚ್ಚಲುಮನೆ, ದೇವಸ್ಥಾನದ ಅಂಗಳ, ಹೀಗೆ ಎಲ್ಲೆಲ್ಲೂ ಬೂದು ಬಣ್ಣದ ಈ ಹಾಸುಗಲ್ಲು ಇದೆ. ಉತ್ತರ ಕರ್ನಾಟಕದವರು ಇದನ್ನು ಫರಸಿ ಎನ್ನುತ್ತಾರೆ.

ಈ ಕಲ್ಲಿನ ವಿಷಯದಲ್ಲಿ ನಾನೊಮ್ಮೆ ಪೆದ್ದನಾದೆ. ನಮ್ಮ ಹೊಸ ಮನೆಗೆ ನಯಗೊಳಿಸಿದ ಶಹಾಬಾದ್ ಕಲ್ಲು ಹಾಕಿಸಿದ್ದೆ. ಗೃಹಪ್ರವೇಶಕ್ಕೆ ಎರಡು ದಿನವಿದ್ದಾಗ, ಸಿಮೆಂಟಿನ ಕಲೆ ಹೋಗಲೆಂದು ಆಸಿಡ್ ತಂದು ಸುರಿದೆ. ಬುಸ್ಸೆಂದು ನೊರೆ ಎದ್ದಿತು. ಕೊಳೆ ಹೋಗುತ್ತಿದೆ ಎಂದು ಸಂತೋಷಪಟ್ಟೆ. ಒಣಗಿದ ಮೇಲೆ ನೋಡಿದರೆ ಹೊಳಪು ಮಾಯವಾಗಿ, ನೆಲದ ತುಂಬ ಬಿಳಿ ಮಚ್ಚೆಗಳು! ನೆಲ ಹಾಸಿದ್ದ ಮೇಸ್ತ್ರಿ ಬಂದು ನೋಡಿದರು. "ಇದು ಸುಣ್ಣದ ಕಲ್ಲು ಸಾರ್, ಇದಕ್ಕೆ ಹುಳಿ ಆಗೋದಿಲ್ಲ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ?" ಎಂದರು. ಕಾಲೇಜಿನಲ್ಲಿ ಹತ್ತಾರು ಸಲ ಬರೆದಿದ್ದ ಸಮೀಕರಣ ವಿಜ್ಞಾನ ಪದವೀಧರನಾದ ನನಗೆ ಆಗ ನೆನಪಾಯಿತು.

ಸುಣ್ಣಕಲ್ಲಿನ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದರೆ ಅದು ಕರಗಿ, ಇಂಗಾಲದ ಡೈ ಆಕ್ಸೈಡ್ ಗುಳ್ಳೆಗಳಾಗಿ ಹೊರಬರುತ್ತದೆ. ಈ ಕಲ್ಲಿನ ಒಡೆದ ಚೂರೊಂದನ್ನು ಕೆರೆದು, ಪುಡಿಯ ಮೇಲೆ ನಿಂಬೆರಸ ಹಿಂಡಿ ನೋಡಿ. ಸಣ್ಣ ಗುಳ್ಳೆಗಳು ಕಾಣುತ್ತವೆ. ಗ್ರಾನೈಟಿನಲ್ಲಿ ಹೀಗಾಗುವುದಿಲ್ಲ. ಆದ್ದರಿಂದ ಅಡುಗೆಕಟ್ಟೆಗೆ ಈ ಕಲ್ಲು ಹಾಕಿದ್ದರೆ ಚೆಲ್ಲಿದ ಹುಣಸೆರಸವನ್ನು ಒಡನೆ ಒರೆಸಬೇಕು. ನೆಲ ತೊಳೆಯಲು ನೀರು, ಸೌಮ್ಯವಾದ ಸೋಪು ಸಾಕು.

ಇದರ ಇನ್ನೊಂದು ಗುಣ ಪದರ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಭೀಮಾ ನದಿಯ ಈ ಸೀಮೆಯಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ಅದಕ್ಕೇ ಗಣಿಯಲ್ಲಿ ಉಳಿ, ಸುತ್ತಿಗೆ, ಹಾರೆಗಳಿಂದಲೇ ಚಪ್ಪಡಿ ಎಬ್ಬಿಸಬಹುದು. ಗೋಡೆ ಕಟ್ಟುವಾಗಲೂ ಪದರಗಳು ನೆಲಕ್ಕೆ ಸಮಾನಾಂತರವಾಗಿರಬೇಕು. ನೆಟ್ಟಗೆ ನಿಲ್ಲಿಸಿದರೆ ನೀರು ಒಳಸೇರಿ, ಕಲ್ಲು ಹಾಳೆ ಹಾಳೆಯಾಗಿ ಏಳಬಹುದು. ಕೊಳ್ಳುವಾಗ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಲ್ಲು ಖಣ್ ಎನ್ನುತ್ತದೆ. ಬಿರುಕಿದ್ದರೆ ದನಿ ಮಂಕಾಗಿರುತ್ತದೆ.

ಅರಿತು ಬಳಸಿದರೆ ಸುಣ್ಣಕಲ್ಲು ಬಹುಕಾಲ ಬಾಳುತ್ತದೆ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಉತ್ಖನನವಾದ ಬೌದ್ಧ ಸ್ತೂಪದ ಶಿಲ್ಪಫಲಕಗಳು ಸುಣ್ಣಕಲ್ಲಿನವೇ. ಅವುಗಳಲ್ಲಿ ಒಂದರ ಮೇಲೆ ಅಶೋಕ ಚಕ್ರವರ್ತಿಯ ಚಿತ್ರವಿದ್ದು, ಹೆಸರನ್ನೂ ಕೆತ್ತಲಾಗಿದೆ. ಸುಮಾರು ಎರಡು ಸಾವಿರ ವರ್ಷಗಳ ಬಳಿಕವೂ ಆ ಅಕ್ಷರಗಳನ್ನು ಓದಬಹುದು.

ಅಂಗಳಕ್ಕೂ ಇದು ಒಳ್ಳೆಯ ಕಲ್ಲು. ನೆಲವನ್ನು ದಮ್ಮಸು ಮಾಡಿ, ಮರಳು ಇಲ್ಲವೇ ಕಲ್ಲುಪುಡಿ ಹರಡಿ, ಒರಟು ಮುಖ ಮೇಲೆ ಬರುವಂತೆ ಹಾಸಬೇಕು. ನಯಗೊಳಿಸಿದ ಕಲ್ಲು ಮಳೆಯಲ್ಲಿ ಜಾರುತ್ತದೆ. ನಡುವೆ ಬೆರಳಗಲ ಸಂದು ಬಿಟ್ಟರೆ ಹುಲ್ಲು ಬೆಳೆಯುತ್ತದೆ, ಮಳೆನೀರು ಇಂಗುತ್ತದೆ. ಅಂಗಳಕ್ಕೆಲ್ಲ ಕಾಂಕ್ರೀಟು ಸುರಿದರೆ ಆ ನೀರು ಚರಂಡಿಯ ಪಾಲು.

ಈಗ ಒಂದು ಲೆಕ್ಕ. ಸಿಮೆಂಟು ತಯಾರಾಗುವುದೂ ಸುಣ್ಣಕಲ್ಲಿನಿಂದಲೇ. ವಾಡಿ, ಸೇಡಂ ಕಡೆ ಕಾರ್ಖಾನೆಗಳಿರುವುದು ಅದಕ್ಕಾಗಿಯೇ. ಅಲ್ಲಿ ಕಲ್ಲನ್ನು ಪುಡಿ ಮಾಡಿ, ಜೇಡಿಯಂಥ ಪದಾರ್ಥಗಳೊಡನೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಡುತ್ತಾರೆ. ಆಗ 100 ಕಿಲೋ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 44 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಉರುವಲಿನ ಹೊಗೆ ಬೇರೆ. ಅದೇ ಕಲ್ಲು ಚಪ್ಪಡಿಯಾಗಿ ನಿಮ್ಮ ನೆಲದಲ್ಲಿದ್ದರೆ ಆ ಇಂಗಾಲ ಕಲ್ಲಿನಲ್ಲೇ ಉಳಿಯುತ್ತದೆ.

ಹಾಗೆಂದು ಕಲ್ಲು ಪುಕ್ಕಟೆಯಲ್ಲ. ಗಣಿ ತೋಡಲು ಮೇಲ್ಮಣ್ಣು ತೆಗೆಯಬೇಕು. ಒಡೆದ ಚೂರುಗಳು ಗುಡ್ಡೆಯಾಗಿ ಹೊಲಕ್ಕೆ ಒತ್ತುತ್ತವೆ. ಕೆಲಸ ಮುಗಿದ ಹೊಂಡವನ್ನು ಹಾಗೇ ಬಿಟ್ಟರೆ ಮಳೆನೀರು ತುಂಬಿ ಮಕ್ಕಳಿಗೂ ದನಗಳಿಗೂ ಅಪಾಯ. ಕಲ್ಲು ಕೊಯ್ಯುವಾಗ ನೀರು ಬಿಡದಿದ್ದರೆ ದೂಳು ಕಾರ್ಮಿಕರ ಶ್ವಾಸಕೋಶ ಸೇರುತ್ತದೆ.

ಆದ್ದರಿಂದ ಹಳೆಯ ಮನೆ ಕೆಡವಿದಾಗ ಫರಸಿಯನ್ನು ಎಸೆಯಬೇಡಿ. ತಿರುಗಿಸಿ ಹಾಸಿದರೆ ಇನ್ನೊಂದು ಕಾಲ ಬರುತ್ತದೆ. ಚೂರುಗಳನ್ನು ಜೋಡಿಸಿ ಕೈತೋಟದ ಕಾಲುದಾರಿ ಮಾಡಿ. ಇನ್ನು ನನ್ನ ಮನೆಯ ನೆಲ? ಮತ್ತೆ ಉಜ್ಜಿಸಿ ನಯ ಮಾಡಿಸಿದೆ. ಆದರೆ ಬಾಗಿಲ ಬಳಿಯ ಒಂದು ಮಚ್ಚೆಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಪುಸ್ತಕದಲ್ಲಿ ಓದಿದ್ದನ್ನು ಮನೆಗೆ ಬಂದಾಗ ಮರೆಯಬಾರದೆಂದು ಅದು ದಿನವೂ ನೆನಪಿಸುತ್ತದೆ.