ಹೊಟ್ಟೆ ಉಬ್ಬಿದ ಪೆಟ್ಟಿಗೆ
(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಕೋಣೆಯ ಆಚೆ ಈಚೆ ಎರಡು ಮರದ ಪೆಟ್ಟಿಗೆಗಳು ನಿಂತಿರುವುದನ್ನು ತಾವೆಲ್ಲ ನೋಡಿದ್ದೀರಿ. ನೋಡಿದವರು ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟಿದ್ದಾರೆ. ಒಬ್ಬರಿಗೆ ಅದು ದೋಣಿ, ಇನ್ನೊಬ್ಬರಿಗೆ ಹಲಸಿನ ಹಣ್ಣು. ಚೌಕವಾಗಿ ಮಾಡಿದ್ದರೆ ಒಂದು ಭಾನುವಾರದಲ್ಲಿ ಮುಗಿಯುತ್ತಿತ್ತಲ್ಲ, ಎರಡು ತಿಂಗಳು ಏಕೆ ಹಿಡಿಯಿತು ಎಂದು ಕಾರ್ಯದರ್ಶಿಗಳು ಕೇಳಿದರು. ಅವರಿಗೆ ಉತ್ತರ ಕೊಡಲೆಂದೇ ಈ ದಿನ ನಮ್ಮನ್ನು ಇಲ್ಲಿ ನಿಲ್ಲಿಸಿದ್ದಾರೆ. ನಾವು ಗಿರಣಿಯ ಗುಮಾಸ್ತರು, ಮ್ಯಾಟ್ರಿಕ್ಕಿನ ಆಚೆ ಓದಿದವರಲ್ಲ. ಶಬ್ದಶಾಸ್ತ್ರವನ್ನು ಪುಸ್ತಕದಿಂದ ಸ್ವಲ್ಪ, ಮುರಿದ ಪ್ಲೈವುಡ್ಡಿನಿಂದ ಹೆಚ್ಚು ಕಲಿತೆವು. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಮೊದಲು ಕಾರಣ ಹೇಳುತ್ತೇವೆ. ಶನಿವಾರ ಸಂಜೆ ಇಲ್ಲಿ ಕನ್ನಡ ಪತ್ರಿಕೆಗಳನ್ನು ಗಟ್ಟಿಯಾಗಿ ಓದುವ ಪದ್ಧತಿ ಇದೆ. ಕಣ್ಣು ಮಂಜಾದ ಹಿರಿಯರಿಗಾಗಿ ಅದನ್ನು ಆರಂಭಿಸಿದ್ದು. ಅವರಲ್ಲಿ ಬಹುಮಂದಿ 1982ರ ಮುಷ್ಕರದವರೆಗೆ ಮುಂಬಯಿಯ ಗಿರಣಿಗಳಲ್ಲಿ, ನೇಯ್ಗೆ ಖಾತೆಯಲ್ಲಿ, ಮಗ್ಗಗಳ ನಡುವೆ ನಿಂತವರು. ಬರಬರುತ್ತ ಅವರ ಸಂಖ್ಯೆ ಇಳಿಯಿತು. ಮಳೆ, ಮೊಣಕಾಲು ನೋವು, ರೈಲಿನ ನೂಕುನುಗ್ಗಲು ಎಂದು ನಾವು ನಾವೇ ಕಾರಣ ಹುಡುಕಿಕೊಂಡೆವು. ಒಂದು ದಿನ ಒಬ್ಬ ಹಿರಿಯರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಓದೋದು ಕೇಳಸ್ತೈತಿ ತಮ್ಮಾ, ತಿಳಿಯಂಗಿಲ್ಲ" ಎಂದರು. ಆ ಮಾತು ನಮಗೆ ನಾಟಿತು. ನಾವು ಧ್ವನಿ ಏರಿಸುತ್ತಿದ್ದೆವು, ಅವರಿಗೆ ಗದ್ದಲ ಏರುತ್ತಿತ್ತು.

ಮಗ್ಗದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಎಲ್ಲ ಸ್ವರಗಳಿಗೂ ಸಮವಾಗಿ ಮಂದವಾಗುವುದಿಲ್ಲ. ಮೊದಲು ಪೆಟ್ಟು ಬೀಳುವುದು ಸೆಕೆಂಡಿಗೆ ಸುಮಾರು 4000 ಕಂಪನಗಳ ಆಸುಪಾಸಿನ ತೆಳು ಸ್ವರಗಳಿಗೆ. ಆ ಆ ಓ ಎಂಬ ಸ್ವರಗಳ ಬಲವೆಲ್ಲ ಕೆಳಗಿದೆ. ಸ, ಶ, ಚ, ತ ಇವುಗಳ ಗುರುತು ಮೇಲಿದೆ. ಆದ್ದರಿಂದ ಹಾಲು, ಸಾಲು, ಶಾಲು, ಚಾಲು ಎಲ್ಲವೂ ಅವರಿಗೆ ಬರೇ 'ಆಲು' ಆಗುತ್ತದೆ. ಇದರ ಮೇಲೆ ಪೆಟ್ಟಿಗೆಯೂ ಗುಂಯ್ ಎಂದರೆ ಉಳಿದ ವ್ಯಂಜನವೂ ಮುಚ್ಚಿಹೋಗುತ್ತದೆ. ನಮ್ಮ ಹಳೆಯ ಪೆಟ್ಟಿಗೆ ತೆಳ್ಳನೆಯ ಹಲಗೆಯದು, ಆರು ಮುಖವೂ ಚಪ್ಪಟೆ. ಓದುವಾಗ ಅದರ ಪಕ್ಕಕ್ಕೆ ಅಂಗೈ ಇಟ್ಟರೆ ಜೋಗಿಯ ಬುರುಡೆಯಂತೆ ನಡುಗುತ್ತಿತ್ತು.

ಈಗ ಪೆಟ್ಟಿಗೆಯ ಕೆಲಸವೇನು ಎಂಬುದನ್ನು ನೋಡೋಣ. ಅಯಸ್ಕಾಂತದ ನಡುವಿನ ತಂತಿಯ ಸುರುಳಿ ಕಾಗದದ ಶಂಕುವನ್ನು ಹಿಂದೆ ಮುಂದೆ ತಳ್ಳುವ ಈಗಿನ ಮಾದರಿಯನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ವಿವರಿಸಿದರು. ಶಂಕು ಮುಂದಕ್ಕೆ ಗಾಳಿ ಒತ್ತುವಾಗಲೇ ಹಿಂದಕ್ಕೆ ಎಳೆಯುತ್ತದೆ. ಎರಡೂ ಕೂಡಿದರೆ ದಪ್ಪ ಸ್ವರ ಕಳೆದುಹೋಗುತ್ತದೆ. ಹಿಂದಿನದನ್ನು ಬಂಧಿಸಿಡುವುದೇ ಪೆಟ್ಟಿಗೆಯ ಕೆಲಸ. ಬಂಧಿಸಿದ ಶಬ್ದ ಸುಮ್ಮನಿರುತ್ತದೆಯೆ? ಗೋಡೆಗಳನ್ನು ನಡುಗಿಸುತ್ತದೆ, ಎದುರುಬದುರು ಗೋಡೆಗಳ ನಡುವೆ ಚೆಂಡಿನಂತೆ ಪುಟಿಯುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಗೋಡೆಗಳ ನಡುವೆ 30 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ 575 ಸಲ ಹೋಗಿ ಬರುತ್ತದೆ. 575 ಕಂಪನ ಎಂದರೆ ಸರಿಯಾಗಿ ಮಾತಿನ ನಡುಮಧ್ಯ. ಆ ಒಂದು ಸ್ವರ ಬಂದಾಗಲೆಲ್ಲ ಪೆಟ್ಟಿಗೆಯೂ ತನ್ನದೊಂದು ರಾಗ ಸೇರಿಸುತ್ತದೆ.

ಬಾಗಿಸುವುದರ ಲಾಭ ಇಲ್ಲಿದೆ. ನಮ್ಮ ಕೈಯಲ್ಲಿರುವ ಈ ಹಾಳೆಯನ್ನು ನೋಡಿ. ಒಂದು ತುದಿ ಹಿಡಿದರೆ ಇನ್ನೊಂದು ತುದಿ ಜೋತುಬೀಳುತ್ತದೆ. ಈಗ ಅಂಚುಗಳನ್ನು ಸ್ವಲ್ಪ ಮೇಲೆತ್ತಿ ದೋಣಿಯಂತೆ ಬಾಗಿಸುತ್ತೇವೆ; ನೆಟ್ಟಗೆ ನಿಂತಿತು. ಹಾಳೆ ಅದೇ, ತೂಕ ಅದೇ. ಬಾಗಿದ ಹಲಗೆಯೂ ಹೀಗೆಯೇ ಸುಲಭವಾಗಿ ನಡುಗದು, ನಡುಗಿದರೂ ಆ ಸ್ವರ ಬಹಳ ಮೇಲಕ್ಕೆ ಹೋಗುತ್ತದೆ. ನಮ್ಮ ಎಣಿಕೆಯಲ್ಲಿ ಇದೇ ಮೊದಲ ಲಾಭ. ಎದುರುಬದುರು ಪುಟಿಯುವುದು ಕಡಿಮೆಯಾಗುವುದು ಎರಡನೆಯದು. ಆದರೆ ಪೂರ್ತಿ ದುಂಡಗೆ ಕೊಳವೆಯಂತೆ ಮಾಡಬಾರದು. ಆಗ ಗೋಡೆಗೆ ಬಡಿದ ಶಬ್ದವೆಲ್ಲ ನಡುವಿಗೆ ಬಂದು ಕೂಡುತ್ತದೆ. ಮೂರನೆಯದು ಮುಂದಿನ ಅಂಚಿನ ವಿಷಯ. ಹ್ಯಾರಿ ಓಲ್ಸನ್ ಎಂಬ ಅಮೆರಿಕದ ಎಂಜಿನಿಯರು ಒಂದೇ ಬಗೆಯ ಸ್ಪೀಕರನ್ನು ಗೋಲ, ಘನ ಮುಂತಾದ ಬೇರೆ ಬೇರೆ ಆಕಾರಗಳಲ್ಲಿ ಕೂರಿಸಿ ಅಳೆದು 1951ರಲ್ಲಿ ಪ್ರಕಟಿಸಿದರು. ಗೋಲದಲ್ಲಿ ಧ್ವನಿ ಸಮವಾಗಿತ್ತು, ಘನದಲ್ಲಿ ಏರಿಳಿತ ಹೆಚ್ಚು. ಚೂಪಾದ ಅಂಚಿಗೆ ತಲುಪಿದ ಶಬ್ದ ಅಲ್ಲಿಂದ ಮತ್ತೊಮ್ಮೆ ಹೊರಡುವುದೇ ಕಾರಣ. ದಪ್ಪ ಸ್ವರ ಹೆಚ್ಚಾಗುವುದಕ್ಕೂ ಬಾಗಿಗೂ ಸಂಬಂಧವಿಲ್ಲ. ಅದು ಒಳಗಿನ ಜಾಗಕ್ಕೆ ಮತ್ತು ಸ್ಪೀಕರಿಗೆ ಸೇರಿದ್ದು.

ಸಂಗೀತಪ್ರೇಮಿ ಸದಸ್ಯರೊಬ್ಬರು ಒಂದು ತರ್ಕ ಹೂಡಿದರು: ಮಿರಜಿನ ತಂಬೂರಿಯ ಬುರುಡೆಯೂ ದುಂಡಗೆ, ತೆಳ್ಳಗೆ, ಅದರಿಂದಲೇ ಅಷ್ಟು ಇಂಪು, ನೀವೂ ಹಲಗೆ ತೆಳ್ಳಗಿಡಿ. ಈ ಮಾತಿಗೆ ಒಂದು ವಾರ ನಾವೂ ಮರುಳಾದೆವು. ಆಮೇಲೆ ಹೊಳೆಯಿತು. ತಂಬೂರಿಯ ಬುರುಡೆ ಹಾಡಬೇಕು, ನಮ್ಮ ಪೆಟ್ಟಿಗೆ ಹಾಡಬಾರದು. ಓದುವವರ ಧ್ವನಿಯ ಜೊತೆಗೆ ಪೆಟ್ಟಿಗೆ ತನ್ನದನ್ನು ಸೇರಿಸಿತೆಂದರೆ ಕೆಟ್ಟಿತು.

ಇನ್ನು ಕೆಲಸದ ಕಥೆ. ನಾವು ಎಂದರೆ ಮೂವರು: ಗದಗಿನ ಕಡೆಯ ಬಡಗಿ ಮಿತ್ರರೊಬ್ಬರು, ಬ್ಯಾಂಕಿನ ಜವಾನರೊಬ್ಬರು, ನಾವು. ಲ್ಯಾಮಿಂಗ್ಟನ್ ರಸ್ತೆಯಿಂದ ಆರು ಇಂಚಿನ ಎರಡು ಸ್ಪೀಕರು ತಂದೆವು. ಮೊದಲು 12 ಮಿಲಿಮೀಟರ್ ಪ್ಲೈವುಡ್ಡಿನ ಒಳಮುಖಕ್ಕೆ ಸೆಂಟಿಮೀಟರಿಗೊಂದರಂತೆ ಗರಗಸದ ಗೀರು ಹಾಕಿ, 3 ಮಿಲಿಮೀಟರ್ ಉಳಿಸಿ ಬಾಗಿಸಲು ಹೋದೆವು. ಕೈಗರಗಸದ ಗೀರು ಎಲ್ಲ ಕಡೆ ಒಂದೇ ಆಳ ಬರಲಿಲ್ಲ. ಎಲ್ಲಿ ಆಳ ಹೆಚ್ಚೋ ಅಲ್ಲೇ ಮುರಿಯಿತು.

ಎರಡನೆಯ ಸಲ 3 ಮಿಲಿಮೀಟರಿನ ನಾಲ್ಕು ಪದರಗಳನ್ನು ಒಂದರ ಮೇಲೊಂದು ಅಂಟಿಸುವ ದಾರಿ ಹಿಡಿದೆವು. ಹಳೆಯ ಹಲಗೆ ಕತ್ತರಿಸಿ ಕುದುರೆ ಲಾಳದ ಆಕಾರದ ಅಚ್ಚು ಮಾಡಿದೆವು: ಮುಂದೆ 24 ಸೆಂಟಿಮೀಟರ್ ಅಗಲ, 28 ಆಳ, 30 ಎತ್ತರ, ಹಿಂಬದಿ ದುಂಡಗೆ. ಮೊದಲ ಪದರವನ್ನು ಅಚ್ಚಿಗೆ ಸುತ್ತುತ್ತಿರುವಾಗಲೇ ಫಟ್ ಎಂದಿತು. ಮೂವರೂ ಮುಖ ಮುಖ ನೋಡಿಕೊಂಡೆವು. ಬಡಗಿ ಮಿತ್ರರು ತುಂಡನ್ನು ಬೆಳಕಿಗೆ ಹಿಡಿದು, "ಸಾಹೇಬ್ರ, ಎಳೆ ಅಡ್ಡ ಬಿದ್ದೈತ್ರಿ" ಎಂದರು. ಕೊಯ್ಯುವ ಗೀಟು ಹಾಕಿದ್ದವರು ನಾವೇ. ಮೇಲ್ಮುಖದ ಮರದ ಎಳೆ ಪೆಟ್ಟಿಗೆಯ ಎತ್ತರದ ಕಡೆಗೆ ನಿಂತಿರಬೇಕು; ಆಗ ಹಾಳೆ ಸುರುಳಿಯಂತೆ ಬಾಗುತ್ತದೆ. ಎಳೆ ಬಾಗಿನ ಉದ್ದಕ್ಕೆ ಮಲಗಿದ್ದರೆ ಮುರಿಯುತ್ತದೆ. ಇದು ಬಡಗಿಯ ಮಕ್ಕಳಿಗೂ ಗೊತ್ತಿರುವ ಸಂಗತಿಯಂತೆ.

ಹೊರಗಿನ ಪದರ ಒಳಗಿನದಕ್ಕಿಂತ ಉದ್ದವಿರಬೇಕು. ಬಾಗು ಅರ್ಧವೃತ್ತದಷ್ಟಾದರೆ 3 ಮಿಲಿಮೀಟರಿನ ಒಂದೊಂದು ಪದರಕ್ಕೆ ಸುಮಾರು 9 ಮಿಲಿಮೀಟರ್ ಹೆಚ್ಚು ಬೇಕು. ಈ ಲೆಕ್ಕ ಮಾತ್ರ ಗುಮಾಸ್ತರದು, ತಪ್ಪಲಿಲ್ಲ. ಆದರೂ ಎಲ್ಲವನ್ನೂ ಉದ್ದವಾಗಿಯೇ ಕೊಯ್ದು ಅಂಟು ಒಣಗಿದ ಮೇಲೆ ಅಂಚು ಕತ್ತರಿಸುವುದು ಜಾಣತನ. ಹಿಡಿದಿಡಲು ಅಷ್ಟು ಕ್ಲ್ಯಾಂಪು ನಮ್ಮಲ್ಲಿರಲಿಲ್ಲ. ಸೈಕಲ್ಲಿನ ಹಳೆಯ ಟ್ಯೂಬುಗಳನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಬಿಗಿಯಾಗಿ ಸುತ್ತಿದೆವು. ಎಲ್ಲ ಕಡೆಯೂ ಸಮನಾಗಿ ಒತ್ತುತ್ತದೆ, ಕ್ಲ್ಯಾಂಪಿಗಿಂತ ಮೇಲು. ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಟ್ಟೆವು. ಬಿಚ್ಚಿದಾಗ ಅಂಚುಗಳು ಸ್ವಲ್ಪ ಹೊರಕ್ಕೆ ತೆರೆದುಕೊಂಡವು. ಮುಂದಿನ 18 ಮಿಲಿಮೀಟರ್ ಹಲಗೆಗೆ ಅಂಟು, ತಿರುಪುಮೊಳೆ ಹಾಕಿ ಸರಿಪಡಿಸಿದೆವು. ಆ ಹಲಗೆಯ ಅಂಚನ್ನು ಉಜ್ಜಿ ಉಜ್ಜಿ ದುಂಡು ಮಾಡಿದವರು ಜವಾನ ಮಿತ್ರರು.

ಒಳಗಿನ ಅಳತೆ ತಿಳಿಯಲು ಮುಚ್ಚಳ ಹಾಕುವ ಮೊದಲು ಸ್ಪೀಕರಿನ ರಂಧ್ರ ಮುಚ್ಚಿ ಪೆಟ್ಟಿಗೆಗೆ ರಾಗಿ ಸುರಿದು, ಅದೇ ರಾಗಿಯನ್ನು ಲೀಟರಿನ ಪಾತ್ರೆಯಲ್ಲಿ ಅಳೆದೆವು. ಸುಮಾರು 17 ಲೀಟರ್ ಬಂತು. ರಾಗಿ ಹಿಂದಿರುಗಿಸಿದಾಗ ಅದರಲ್ಲಿ ಮರದ ಹೊಟ್ಟು ಸಿಕ್ಕಿತೆಂದು ಮನೆಯಲ್ಲಿ ನಡೆದ ಮಾತುಕತೆ ಈ ಸಭೆಗೆ ಬೇಡ.

ಗೋಡೆ ಬಾಗಿದರೂ ತಳ ಮತ್ತು ಮುಚ್ಚಳ ಎದುರುಬದುರಾಗಿಯೇ ಉಳಿದವು, ನಡುವೆ ಅದೇ 30 ಸೆಂಟಿಮೀಟರ್. ಹಾಗಾಗಿ ಆ 575 ಇನ್ನೂ ಹೋಗಿಲ್ಲ. ಅದಕ್ಕೆ ಗಿರಣಿಯಲ್ಲಿ ಹಣ ಕಟ್ಟಿ, ಗೇಟ್ ಪಾಸ್ ಬರೆಸಿ, ರದ್ದಿ ಹತ್ತಿ ತಂದು ತೆಳುಬಟ್ಟೆಯಲ್ಲಿ ಕಟ್ಟಿ ತುಂಬಿದೆವು. ಕೊನೆಗೆ ಶಂಕುವನ್ನು ಬೆರಳಿಂದ ಮೆಲ್ಲಗೆ ಒತ್ತಿ ಬಿಟ್ಟೆವು. ನಿಧಾನವಾಗಿ ಹಿಂದಿರುಗಿದರೆ ಪೆಟ್ಟಿಗೆ ಸೋರುತ್ತಿಲ್ಲ. ಥಟ್ಟನೆ ಬಂದರೆ ಎಲ್ಲೋ ಸಂದಿ ಇದೆ. ನಮ್ಮದು ಎರಡು ಕಡೆ ಸೋರುತ್ತಿತ್ತು.

ಪರೀಕ್ಷೆಯನ್ನು ಆ ಹಿರಿಯರಿಂದಲೇ ಮಾಡಿಸಿದೆವು. ಪರದೆಯ ಹಿಂದೆ ಒಬ್ಬರು ಬಿಡಿ ಪದಗಳನ್ನು ಓದಿದರು, ಹಿರಿಯರು ಬರೆದುಕೊಂಡರು. ಹಳೆಯ ಪೆಟ್ಟಿಗೆಯಲ್ಲಿ ಸಾಲು ಎಂದದ್ದು ಹಾಲಾಯಿತು, ಚಾಲು ಎಂದದ್ದು ಕಾಲಾಯಿತು. ಹೊಸದರಲ್ಲಿ ತಪ್ಪು ಕಡಿಮೆಯಾಯಿತು, ಇಲ್ಲವಾಗಲಿಲ್ಲ. ನಿಜ ಹೇಳಬೇಕು: ಪೆಟ್ಟಿಗೆಗಳನ್ನು ಮೂಲೆಯಿಂದ ಎಳೆದು, ಕುಳಿತವರ ಕಿವಿಯ ಎತ್ತರಕ್ಕಿಟ್ಟು, ಹಿರಿಯರ ಬೆಂಚಿನ ಹತ್ತಿರ ತಂದದ್ದರಿಂದ ಆದ ಉಪಕಾರ ಬಾಗಿನಿಂದ ಆದುದಕ್ಕಿಂತ ಕಡಿಮೆಯದಲ್ಲ. ಅದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ, ಮೊದಲೇ ಮಾಡಬಹುದಿತ್ತು. ಓದುವವರು ಸ್ವಲ್ಪ ನಿಧಾನವಾಗಿ ಓದಲಿ ಎಂಬುದು ಹಿರಿಯರು ತಾವಾಗಿ ಕೊಟ್ಟ ಸೂಚನೆ. ಈಗ ಅವರು ಶನಿವಾರ ಬರುತ್ತಾರೆ, ಜೊತೆಗೆ ತಮ್ಮ ಚಾಳಿನ ಇನ್ನಿಬ್ಬರನ್ನು ಕರೆತರುತ್ತಾರೆ. ಕೆಲವರ ಕಿವಿಗೆ ಯಾವ ಪೆಟ್ಟಿಗೆಯೂ ಸಾಲದು. ಅವರ ಪಕ್ಕದಲ್ಲಿ ಒಬ್ಬ ಸ್ವಯಂಸೇವಕರು ಕುಳಿತು ಓದುತ್ತಾರೆ.

ಅಚ್ಚನ್ನು ಹಳೆಯ ಪತ್ರಿಕೆಗಳ ಕಪಾಟಿನ ಹಿಂದೆ ಇಟ್ಟಿದ್ದೇವೆ. ಮನೆಗೆ ಮಾಡಿಕೊಳ್ಳಬೇಕೆನ್ನುವವರು ಪುಸ್ತಕದಂತೆಯೇ ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು. ಸೈಕಲ್ ಟ್ಯೂಬು ಮಾತ್ರ ಅವರವರೇ ತರಬೇಕು, ನಮ್ಮವು ಹರಿದುಹೋಗಿವೆ.