ಗೀಸರಿನ ಬಾಯಿಗೆ ಬೆಣೆ ಬೇಡ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)

ಹಾಲು ಉತ್ಪಾದಕ ಬಂಧುಗಳೇ,

ಕ್ಯಾನು, ಹಾಲು ಕರೆಯುವ ಯಂತ್ರ ತೊಳೆಯಲು ಬಿಸಿನೀರು ಬೇಕೆಂದು ನಿಮಗೆ ಹೇಳುತ್ತಾ ಬಂದವನು ನಾನೇ. ಹಾಗಾಗಿ ಗೀಸರಿನ ವಿಷಯವನ್ನೂ ನಾನೇ ಹೇಳಬೇಕಾಗಿದೆ.

ಹಸು ನೋಡಲು ಹೋದ ಒಂದು ಕೊಟ್ಟಿಗೆಯಲ್ಲಿ ಗೀಸರಿನ ಸುರಕ್ಷತಾ ವಾಲ್ವಿನ ಬಾಯಿಗೆ ಮರದ ಬೆಣೆ ಜಡಿದಿದ್ದರು. “ತೊಟ್ಟಿಕ್ತಿತ್ತು ಸಾರ್, ಅದ್ಕೇ ಮುಚ್ಚಿದೆ” ಎಂದರು ಯಜಮಾನರು. ನೀರು ಕಾಯುವಾಗ ತೊಟ್ಟಿಕ್ಕುವುದು ಸಹಜ. 25 ಲೀಟರ್ ನೀರು 20ರಿಂದ 80 ಡಿಗ್ರಿಗೆ ಕಾದರೆ ಅರ್ಧ ಲೀಟರಿಗೂ ಹೆಚ್ಚು ಹಿಗ್ಗುತ್ತದೆ. ಆ ದಾರಿ ಮುಚ್ಚಿ, ಜೊತೆಗೆ ಥರ್ಮೋಸ್ಟಾಟ್ ಕೂಡ ಕೆಟ್ಟರೆ ಟ್ಯಾಂಕೇ ಸಿಡಿಯಬಹುದು. ಗೀಸರ್ ಆರಿದ ಮೇಲೂ ಸುರಿಯುತ್ತಿದ್ದರೆ ಮಾತ್ರ ಪ್ಲಂಬರನ್ನು ಕರೆಸಿ.

ವಾಲ್ವಿಗೆ ಅದರ ಬಾಯಿಯಷ್ಟೇ ಅಗಲದ ಜಿ.ಐ. ಅಥವಾ ತಾಮ್ರದ ಪೈಪು ಹಾಕಿಸಿ. ಮಾಮೂಲಿ ಪಿ.ವಿ.ಸಿ. ಬಿಸಿಗೆ ಮೆತ್ತಗಾಗುತ್ತದೆ. ಪೈಪು ಉದ್ದಕ್ಕೂ ಇಳಿಜಾರಾಗಿರಲಿ, ನಡುವೆ ನಲ್ಲಿ ಕೂಡದು. ತುದಿಯನ್ನು ನೆಲದಿಂದ ಆರು ಇಂಚಿನೊಳಗೆ, ಚರಂಡಿಯ ಕಡೆಗೆ, ಕಣ್ಣಿಗೆ ಕಾಣುವಂತೆ ಬಿಡಿ. ತುದಿಗೆ ಮುಚ್ಚಳ ಹಾಕಬೇಡಿ. ದನ ಕಟ್ಟುವ ಕಡೆಗಂತೂ ಬೇಡವೇ ಬೇಡ. ಕುದಿನೀರು ಸಿಡಿದು ಕೆಚ್ಚಲು ಸುಟ್ಟರೆ ಹಾಲೂ ಹೋಯಿತು, ಹಸುವಿಗೂ ಯಾತನೆ.

ಆ ಮನೆಯಲ್ಲಿ ಮೊದಲು ಮೇನ್ ಆಫ್ ಮಾಡಿಸಿ, ನೀರು ಪೂರ್ತಿ ಆರಿದ ಮೇಲೆ ಬೆಣೆ ತೆಗೆಸಿದೆ. ಹಸುವಿಗೆ ಔಷಧಿ ಕೊಟ್ಟದ್ದು ಆಮೇಲೆ.