ಎದೆ ಮಿಡಿಯುತ್ತದೆ, ತಲೆ ಸಿಡಿಯುತ್ತದೆ



ಬಲಗೈಯ ಎರಡು ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ, ಮೆಲ್ಲನೆ ಒತ್ತಿ ಹಿಡಿಯಿರಿ. ಬೆರಳ ತುದಿಗೆ ತಾಳ ಹಾಕಿದಂತೆ ಏನೋ ತಾಗುತ್ತದೆ. ಗಡಿಯಾರ ನೋಡುತ್ತ ಎಣಿಸಿರಿ. ಸುಮ್ಮನೆ ಕುಳಿತ ಆರೋಗ್ಯವಂತ ವಯಸ್ಕರಲ್ಲಿ ಅದು ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100 ಇರುತ್ತದೆ. ಈ ಕ್ರಿಯೆಗೆ ಯಾವ ಕ್ರಿಯಾಪದವನ್ನು ಬಳಸಬೇಕು? ಇದು ವ್ಯಾಕರಣದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಆಸ್ಪತ್ರೆಯಲ್ಲಿ ಇದಕ್ಕೆ ಬಹಳ ಬೆಲೆಯಿದೆ.

ಒಂದೊಂದು ಭಾಷೆ ಇದನ್ನು ಒಂದೊಂದು ಬಗೆಯಲ್ಲಿ ಹಿಡಿದಿದೆ. ಹಿಂದಿಯ ‘ಧಡಕ್‌ನಾ’ ಕಿವಿಗೆ ಕೇಳಿದ ಸದ್ದಿನಿಂದ ಹುಟ್ಟಿದ ಮಾತು. ಇಂಗ್ಲಿಷಿನ ‘ಪಲ್ಸ್’ ಬಂದದ್ದು ತಳ್ಳು, ಬಡಿ ಎಂಬ ಅರ್ಥದ ಲ್ಯಾಟಿನ್ ಪದದಿಂದ. ತೆಲುಗಿನಲ್ಲಿ ಗುಂಡೆ ‘ಕೊಟ್ಟುಕೊಳ್ಳುತ್ತದೆ’, ಅಂದರೆ ತನ್ನನ್ನು ತಾನೇ ಹೊಡೆದುಕೊಳ್ಳುತ್ತದೆ. ತಮಿಳಿನ ‘ತುಡಿ’ ನಾಡಿಯ ಬಡಿತಕ್ಕೂ ಜೀವದ ತಳಮಳಕ್ಕೂ ಸಲ್ಲುತ್ತದೆ; ಕನ್ನಡದ ‘ತುಡಿತ’ದಲ್ಲಿ ಹಂಬಲವೇ ಮುಂದಾಗಿದೆ.

ಕನ್ನಡದ ‘ಮಿಡಿ’ ಬೆರಳಿನ ಮಾತು. ತಂತಿಯನ್ನು ಮಿಡಿಯುತ್ತೇವೆ, ನಾಡಿ ತಾನೇ ಮಿಡಿಯುತ್ತದೆ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ತಮ್ಮ ದೇಹವನ್ನೇ ತಂತಿವಾದ್ಯವಾಗಿಸೆಂದು ಒಂದು ವಚನದಲ್ಲಿ ಬೇಡಿಕೊಂಡಿದ್ದಾರೆ. ವಿಜ್ಞಾನದ ದೃಷ್ಟಿಯಿಂದಲೂ ಈ ಹೋಲಿಕೆ ಹೊಂದುತ್ತದೆ. ಹೃದಯ ಒಮ್ಮೆ ಕುಗ್ಗಿದಾಗ ಚಿಮ್ಮಿದ ರಕ್ತವೇ ಆ ಕ್ಷಣ ಮಣಿಕಟ್ಟಿಗೆ ಬಂದು ಮುಟ್ಟುವುದಿಲ್ಲ. ಅಪಧಮನಿಯ ಗೋಡೆಯಲ್ಲಿ ಒತ್ತಡದ ಅಲೆಯೊಂದು ರಕ್ತಕ್ಕಿಂತ ಎಷ್ಟೋ ಬೇಗ ಸಾಗಿ ಬರುತ್ತದೆ. ಮಿಡಿದ ತಂತಿಯಲ್ಲಿ ಓಡುವುದೂ ಅಲೆಯೇ ಅಲ್ಲವೇ!

ಇನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಆಡುಮಾತಿಗೆ ಕಿವಿಗೊಡಿ. ಅಲ್ಲಿನ ಮನೆಗಳಲ್ಲಿ ‘ಮಿಡಿ’ಗಿಂತ ಬೇರೆ ಮಾತುಗಳೇ ಹೆಚ್ಚು. ಓಡಿ ಬಂದವನಿಗೆ ‘ಎದಿ ಢವಢವ ಹೊಡಕೊಳ್ಳಾಕತ್ತೈತಿ’. ರೆಪ್ಪೆ ಅದುರಿದರೆ ‘ಕಣ್ಣು ಹಾರತೈತಿ’. ತಲೆನೋವು ಜೋರಾದರೆ ‘ತಲಿ ಸಿಡ್ಯಾಕತ್ತೈತಿ’. ಇಂಡಿಯಿಂದ ಉತ್ತರಕ್ಕೆ ಗಡಿ ದಾಟಿದರೆ ಮರಾಠಿ. ಅಲ್ಲಿ ಬಿಟ್ಟುಬಿಟ್ಟು ಬಡಿಯುವ ನೋವಿಗೆ ‘ಠಣಕಾ’ ಎನ್ನುತ್ತಾರೆ.

ಅಜ್ಜಿಯನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುವವರು ಅನೇಕ ಸಲ ನೀವೇ. ಅಜ್ಜಿ ‘ತಲಿ ಸಿಡೀತೈತ್ರಿ’ ಎನ್ನುತ್ತಾಳೆ. ವೈದ್ಯರು ಓದಿದ್ದು ಇಂಗ್ಲಿಷಿನಲ್ಲಿ. ನಡುವೆ ದುಭಾಷಿಯಾದ ನೀವು ಬರೀ ‘ತಲೆನೋವು’ ಎಂದುಬಿಟ್ಟರೆ ಮುಖ್ಯವಾದ ಸುಳಿವು ಕಳೆದುಹೋಗುತ್ತದೆ. ಮೈಗ್ರೇನ್ ಎಂಬ ತಲೆನೋವನ್ನು ಗುರುತಿಸುವ ಲಕ್ಷಣಗಳಲ್ಲಿ ನೋವು ಬಡಿಬಡಿದು ಬರುವುದೂ ಒಂದು. ಕೆನಡಾದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ನೋವಿನ ಪ್ರಶ್ನಾವಳಿಯಲ್ಲಿ ರೋಗಿಗಳ ಮಾತುಗಳನ್ನೇ ಗುಂಪುಗುಂಪಾಗಿ ಜೋಡಿಸಿದರು. ಅದರ ಮೊದಲ ಗುಂಪಿನಲ್ಲಿರುವುದು ಈ ಮಿಡಿತ-ಬಡಿತದ ಪದಗಳೇ. ‘ಸಿಡಿ’ ಎಂದರೆ ಬಿರಿದು ಹೋಗುವಂಥ ನೋವು. ಅದು ಬಡಿಯುವ ನೋವೂ ಹೌದೋ ಅಲ್ಲವೋ ಎಂಬುದನ್ನು ಆ ಪದವೊಂದೇ ತಿಳಿಸದು. ಆದ್ದರಿಂದ, ‘ಅಜ್ಜಿ, ಒಂದೇ ಸಮ ಸಿಡೀತೈತೋ, ಢವಢವ ಬಡದು ಬಡದು ಬರತೈತೋ?’ ಎಂದು ಕೇಳಿರಿ. ಅವಳು ಹೇಳಿದ್ದನ್ನು ಬದಲಿಸದೆ ವೈದ್ಯರಿಗೆ ತಿಳಿಸಿರಿ. ರೋಗ ಯಾವುದೆಂದು ನಿರ್ಧರಿಸುವುದು ಅವರ ಕೆಲಸ. ಮಾತನ್ನು ಕೆಡಿಸದೆ ಮುಟ್ಟಿಸುವುದು ನಿಮ್ಮದು.

ಇಂಥ ಪದಗಳು ಎಲ್ಲವೂ ನಿಘಂಟಿನಲ್ಲಿ ಸಿಗಲಾರವು. ಅಂದು ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ನೀವು ನೋವಿನ ಮಾತುಗಳನ್ನು ಕೂಡಿಸಿರಿ. ನೋಟುಬುಕ್ಕಿನ ಒಂದು ಹಾಳೆಯಲ್ಲಿ ಪದ, ಹೇಳಿದವರ ಊರು, ಅದು ಯಾವ ಬಗೆಯ ನೋವು, ಇಷ್ಟನ್ನು ಬರೆಯಿರಿ. ಶುರುವನ್ನು ನಿಮ್ಮ ಮನೆಯ ಹಿರಿಯರಿಂದಲೇ ಮಾಡಿರಿ.